ಏರ್ ಫಿಲ್ಟರ್ ಬದಲಾದರೆ ಜೆಟ್ ಕೂಡ ಬದಲಾಗಬೇಕು: ಬಿಡಿಭಾಗ ವರ್ತಕರೂ ತಯಾರಕರೂ ಅರಿತಿರಬೇಕಾದ ಸಂಗತಿಗಳು

ದ್ವಿಚಕ್ರ ವಾಹನಗಳ ಬಿಡಿಭಾಗ ವ್ಯಾಪಾರದಲ್ಲಿ ತೊಡಗಿರುವವರಿಗೆ ಒಂದು ಬಗೆಯ ದೂರು ಚಿರಪರಿಚಿತ. ಗ್ರಾಹಕನು ಶಂಕುವಿನಾಕಾರದ ಏರ್ ಫಿಲ್ಟರ್ ಒಂದನ್ನು ಉತ್ಸಾಹದಿಂದ ಕೊಂಡೊಯ್ಯುತ್ತಾನೆ. ವಾರ ಕಳೆಯುವುದರೊಳಗೆ ಹಿಂದಿರುಗಿ ಬಂದು, ಗಾಡಿ ಎಳೆಯುತ್ತಿಲ್ಲ, ಮಧ್ಯೆ ಮಧ್ಯೆ ತಡವರಿಸುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ ಎಂದು ಆಕ್ಷೇಪಿಸುತ್ತಾನೆ. ಅಂಗಡಿಯವರು ಮಾಲು ಹಿಂದಕ್ಕೆ ಪಡೆದು ಹಣ ಮರಳಿಸಬೇಕು, ಇಲ್ಲವೇ ಗ್ರಾಹಕನನ್ನೇ ಕಳೆದುಕೊಳ್ಳಬೇಕು. ಹಿಂದಿರುಗಿದ ಮಾಲನ್ನು ತಯಾರಕರು ಪರೀಕ್ಷಿಸಿದರೆ ಅನೇಕ ಸಂದರ್ಭಗಳಲ್ಲಿ ಫಿಲ್ಟರ್‌ನಲ್ಲಿ ಯಾವ ದೋಷವೂ ಕಂಡುಬರುವುದಿಲ್ಲ. ಕಾರ್ಬುರೇಟರ್‌ನ ಹೊಂದಾಣಿಕೆಯನ್ನು ಬದಲಿಸದೆ ಫಿಲ್ಟರ್ ಮಾತ್ರ ಬದಲಿಸಿದ್ದೇ ಈ ಎಲ್ಲ ತೊಂದರೆಗೆ ಮೂಲ. ಜೆಟ್ ಇಲ್ಲದೆ, ಸೂಚನೆ ಇಲ್ಲದೆ ಮಾರಿದ ಫಿಲ್ಟರ್ ಅರ್ಧ ಮಾರಾಟವಷ್ಟೇ. ಉಳಿದರ್ಧದ ಬೆಲೆಯನ್ನು ಗ್ರಾಹಕನ ಎಂಜಿನ್ ತೆರುತ್ತದೆ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಮೋಟಾರ್ ಸೈಕಲ್‌ಗಳಲ್ಲಿ ಬಹುತೇಕ ಎಲ್ಲವೂ ಫ್ಯುಯೆಲ್ ಇಂಜೆಕ್ಷನ್ ವ್ಯವಸ್ಥೆಗೆ ಬದಲಾದವು. ಹಾಗೆಂದು ಕಾರ್ಬುರೇಟರ್‌ನ ಕಾಲ ಮುಗಿಯಿತೆಂದು ಭಾವಿಸುವಂತಿಲ್ಲ. ಅದಕ್ಕೆ ಸ್ವಲ್ಪ ಮೊದಲು, 2018-19ನೇ ಸಾಲಿನ ಒಂದೇ ವರ್ಷದಲ್ಲಿ, ದೇಶದೊಳಗೆ 2 ಕೋಟಿಗೂ ಮಿಕ್ಕಿ ದ್ವಿಚಕ್ರ ವಾಹನಗಳು ಮಾರಾಟವಾಗಿದ್ದು, ಅವುಗಳಲ್ಲಿ ಹೆಚ್ಚಿನವು ಕಾರ್ಬುರೇಟರ್ ಹೊಂದಿದ್ದವು. ಇವುಗಳ ಜೊತೆಗೆ 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, ಹಳೆಯ ಬುಲೆಟ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ ಮತ್ತು ಯೆಜ್ಡಿ ಮುಂತಾದವುಗಳನ್ನು ಅಭಿಮಾನದಿಂದ ಕಾಪಾಡಿಕೊಂಡು ಬಂದಿರುವವರೂ ಇದ್ದಾರೆ. ಐಡಿಯಲ್ ಜಾವಾ 1996ರಲ್ಲಿ ಉತ್ಪಾದನೆ ನಿಲ್ಲಿಸಿದರೂ ಅದರ ಬಿಡಿಭಾಗಗಳಿಗೆ ಬೇಡಿಕೆ ನಿಂತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಸಣ್ಣ ಅಂಗಡಿಗಳವರೆಗೆ ಈ ವ್ಯಾಪಾರ ಹರಡಿದೆ. ಇಂಥ ಗ್ರಾಹಕರು ವಾಹನದ ಬಗ್ಗೆ ತಿಳಿದವರು. ತಪ್ಪು ಮಾಲನ್ನು ಬೇಗ ಗುರುತಿಸುವ ಇವರು ಒಳ್ಳೆಯ ಅಂಗಡಿಯನ್ನು ಸುಲಭವಾಗಿ ಮರೆಯುವುದಿಲ್ಲ.

ಮೂಲ ಫಿಲ್ಟರ್ ಪೆಟ್ಟಿಗೆ ಏಕಿದೆ?

ಮೋಟಾರ್ ಸೈಕಲ್ ತಯಾರಕರು ಏರ್ ಫಿಲ್ಟರನ್ನು ಒಂದು ಮುಚ್ಚಿದ ಪೆಟ್ಟಿಗೆಯೊಳಗೆ ಇರಿಸುತ್ತಾರೆ. ಈ ಏರ್ ಬಾಕ್ಸ್‌ನ ಕೆಲಸ ಧೂಳು ತಡೆಯುವುದಷ್ಟರಲ್ಲೇ ಮುಗಿಯುವುದಿಲ್ಲ. ಎಂಜಿನ್ ಗಾಳಿಯನ್ನು ಬಿಟ್ಟು ಬಿಟ್ಟು ಎಳೆಯುವಾಗ ಉಂಟಾಗುವ ಏರಿಳಿತಗಳನ್ನು ಇದು ತಗ್ಗಿಸುತ್ತದೆ, ಗಾಳಿ ಒಳಸೇರುವ ಸದ್ದನ್ನು ಅಡಗಿಸುತ್ತದೆ, ಎದುರು ಗಾಳಿಯೂ ಮಳೆನೀರೂ ನೇರವಾಗಿ ಕಾರ್ಬುರೇಟರ್‌ನ ಬಾಯಿಗೆ ಬಡಿಯದಂತೆ ನೋಡಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಜೆಟ್‌ಗಳ ಅಳತೆಯನ್ನು ನಿರ್ಧರಿಸುವಾಗ ಈ ಪೆಟ್ಟಿಗೆ, ಫಿಲ್ಟರ್ ಮತ್ತು ಸೈಲೆನ್ಸರ್ ಮೂರನ್ನೂ ಒಂದೇ ವ್ಯವಸ್ಥೆಯೆಂದು ಪರಿಗಣಿಸಲಾಗಿರುತ್ತದೆ. ಅವುಗಳಲ್ಲಿ ಒಂದನ್ನು ಬದಲಿಸಿದರೆ ಲೆಕ್ಕ ತಪ್ಪುತ್ತದೆ.

ಮಾರುಕಟ್ಟೆಯಲ್ಲಿ ದೊರೆಯುವ ಬದಲಿ ಫಿಲ್ಟರ್‌ಗಳನ್ನು ಎರಡು ವರ್ಗವಾಗಿ ವಿಂಗಡಿಸಬಹುದು. ಮೂಲ ಪೆಟ್ಟಿಗೆಯೊಳಗೇ ಕೂರುವಂತೆ ಮಾಡಿದ, ಎಣ್ಣೆ ಸವರಿದ ಹತ್ತಿಬಟ್ಟೆಯ ಅಥವಾ ಫೋಮ್‌ನ ಫಿಲ್ಟರ್‌ಗಳು ಮೊದಲನೆಯ ವರ್ಗ. ಇವುಗಳನ್ನು ಅಳವಡಿಸಿದಾಗ ಸಾಮಾನ್ಯವಾಗಿ ಅಲ್ಪ ಹೊಂದಾಣಿಕೆ ಸಾಕಾಗುತ್ತದೆ, ಕೆಲವೊಮ್ಮೆ ಅದೂ ಬೇಕಾಗುವುದಿಲ್ಲ. ಪೆಟ್ಟಿಗೆಯನ್ನೇ ಕಳಚಿ ಹಾಕಿ ಕಾರ್ಬುರೇಟರ್‌ನ ಬಾಯಿಗೆ ನೇರವಾಗಿ ಕ್ಲಾಂಪ್ ಬಿಗಿದು ಕೂರಿಸುವ 'ಕೋನ್' ಅಥವಾ 'ಪಾಡ್' ಫಿಲ್ಟರ್‌ಗಳು ಎರಡನೆಯ ವರ್ಗ. ದೂರುಗಳು ಬರುವುದು ಮುಖ್ಯವಾಗಿ ಈ ಎರಡನೆಯ ವರ್ಗದಿಂದ. ಅಂಗಡಿಯಲ್ಲಿ ಎರಡನ್ನೂ 'ಪವರ್ ಫಿಲ್ಟರ್' ಎಂಬ ಒಂದೇ ಹೆಸರಿನಲ್ಲಿ ಮಾರುವುದು ಗೊಂದಲಕ್ಕೆ ದಾರಿ ಮಾಡುತ್ತದೆ.

ಮಿಶ್ರಣ ತೆಳುವಾಗುವ ಬಗೆ

ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಗರಿಷ್ಠ ಶಕ್ತಿ ದೊರೆಯುವುದು ಇದಕ್ಕಿಂತ ಕೊಂಚ ದಟ್ಟವಾದ ಮಿಶ್ರಣದಲ್ಲಿ, ಅಂದರೆ 12.5ರಿಂದ 13 ಪಾಲು ಗಾಳಿಯಿದ್ದಾಗ. ಪೆಟ್ರೋಲ್ ಕಡಿಮೆಯಾದ ತೆಳು ಮಿಶ್ರಣವನ್ನು ಕಾರ್ಯಾಗಾರದ ಮಾತಿನಲ್ಲಿ 'ಲೀನ್' ಎಂದೂ, ಪೆಟ್ರೋಲ್ ಹೆಚ್ಚಾದ ದಟ್ಟ ಮಿಶ್ರಣವನ್ನು 'ರಿಚ್' ಎಂದೂ ಕರೆಯುವುದು ರೂಢಿ.

ಹೊಸ ಫಿಲ್ಟರ್ ಹೆಚ್ಚು ಗಾಳಿ ಬಿಡುವುದರಿಂದ ಮಿಶ್ರಣ ತೆಳುವಾಗುತ್ತದೆ ಎಂಬುದು ಸಾಮಾನ್ಯ ವಿವರಣೆ. ಇದು ಅರ್ಧ ಸತ್ಯ. ಗಾಳಿ ಹೆಚ್ಚಿದಂತೆ ಕಾರ್ಬುರೇಟರ್‌ನ ಕಿರಿದಾದ ಭಾಗವಾದ ವೆಂಚುರಿಯಲ್ಲಿ ಒತ್ತಡ ಇಳಿದು ಪೆಟ್ರೋಲ್ ಕೂಡ ಹೆಚ್ಚಾಗಿ ಎಳೆಯಲ್ಪಡುತ್ತದೆ. ಆದ್ದರಿಂದ ನಿಜವಾದ ಕಾರಣವನ್ನು ಬೇರೆಡೆ ಹುಡುಕಬೇಕು. ಹೆಚ್ಚಿನ ಕಾರ್ಬುರೇಟರ್‌ಗಳಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಹೊರಗಿನ ವಾತಾವರಣಕ್ಕೆ ತೆರೆದುಕೊಂಡಿರುತ್ತದೆ. ಅಲ್ಲಿನ ಒತ್ತಡಕ್ಕೂ ವೆಂಚುರಿಯ ಒತ್ತಡಕ್ಕೂ ಇರುವ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್‌ನ ಮೂಲಕ ಮೇಲಕ್ಕೆ ತಳ್ಳುತ್ತದೆ. ಮೂಲ ಫಿಲ್ಟರ್ ಮತ್ತು ಪೆಟ್ಟಿಗೆ ಗಾಳಿಯನ್ನು ಸ್ವಲ್ಪ ತಡೆಯುವುದರಿಂದ ಕಾರ್ಬುರೇಟರ್‌ನ ಬಾಯಿಯಲ್ಲೇ ಒತ್ತಡ ಕೊಂಚ ಕಡಿಮೆಯಿರುತ್ತದೆ. ಈ ಕೊರತೆ ವೆಂಚುರಿಯ ಎಳೆತಕ್ಕೆ ಸೇರಿಕೊಂಡು ಹೆಚ್ಚುವರಿ ಪೆಟ್ರೋಲನ್ನು ಒದಗಿಸುತ್ತದೆ. ಕಾರ್ಖಾನೆಯವರು ಜೆಟ್‌ನ ಅಳತೆ ನಿಗದಿಪಡಿಸಿದ್ದು ಈ ಹೆಚ್ಚುವರಿಯನ್ನೂ ಲೆಕ್ಕಕ್ಕೆ ಹಿಡಿದು. ಪೆಟ್ಟಿಗೆ ತೆಗೆದೊಡನೆ ಆ ಸಹಾಯ ಇಲ್ಲವಾಗಿ, ಅಷ್ಟೇ ಗಾಳಿಗೆ ಮೊದಲಿಗಿಂತ ಕಡಿಮೆ ಪೆಟ್ರೋಲ್ ಬರುತ್ತದೆ. ಗಾಳಿಯ ವೇಗ ಹೆಚ್ಚಿದಂತೆ ಈ ಕೊರತೆಯೂ ಹೆಚ್ಚುವುದರಿಂದ, ನಿಂತಲ್ಲಿ ಸರಿಯಾಗಿ ಓಡುವ ಎಂಜಿನ್ ಪೂರ್ಣ ವೇಗದಲ್ಲಿ ಸೊರಗುತ್ತದೆ.

ತೆಳು ಮಿಶ್ರಣದ ಪರಿಣಾಮ ಎಂಜಿನ್‌ನ ಬಗೆಗೆ ತಕ್ಕಂತೆ ಬದಲಾಗುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಬಿಸಿ ಏರಿ, ನಾಕಿಂಗ್ ಸದ್ದು ಹುಟ್ಟಿ, ಕಾಲಕ್ರಮದಲ್ಲಿ ಎಕ್ಸಾಸ್ಟ್ ವಾಲ್ವ್ ಮತ್ತು ಪಿಸ್ಟನ್ ಹಾಳಾಗುತ್ತವೆ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಹಿಗ್ಗಿ ಸಿಲಿಂಡರ್‌ಗೆ ಕಚ್ಚಿಕೊಂಡು 'ಸೀಜ್' ಆಗುವ ಅಪಾಯವಿದೆ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಓಡಿಸುವ ಹಳೆಯ ಗಾಡಿಗಳಲ್ಲಂತೂ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಒಂದು ಕಡೆ ಬಿಸಿ ಏರುವಾಗ ಇನ್ನೊಂದು ಕಡೆ ಜಾರುಗುಣ ಇಳಿಯುತ್ತದೆ. ಓಡುತ್ತಿರುವಾಗ ಎಂಜಿನ್ ಸೀಜ್ ಆದರೆ ಹಿಂದಿನ ಚಕ್ರ ಒಮ್ಮೆಲೇ ನಿಂತು ಸವಾರನು ಬೀಳುವ ಸಂಭವವಿದ್ದು, ವಿಷಯವು ರಿಪೇರಿ ಖರ್ಚಿನ ಮಿತಿಯನ್ನು ದಾಟುತ್ತದೆ.

ಯಾವ ಭಾಗ, ಯಾವ ಹಂತದಲ್ಲಿ?

ಕಾರ್ಬುರೇಟರ್‌ನೊಳಗೆ ಪೆಟ್ರೋಲ್ ಒದಗಿಸುವ ಮಾರ್ಗಗಳು ಹಲವಿದ್ದು, ಎಕ್ಸಲರೇಟರ್ ಎಷ್ಟು ತಿರುಗಿದೆ ಎಂಬುದರ ಮೇಲೆ ಅವುಗಳ ಪ್ರಭಾವ ಬದಲಾಗುತ್ತದೆ.

ಐಡಲಿಂಗ್‌ನಿಂದ ಸುಮಾರು ಕಾಲು ಭಾಗದವರೆಗೆ ಪೈಲಟ್ ಜೆಟ್, ಅಂದರೆ ಮೆಕ್ಯಾನಿಕ್‌ಗಳು ಹೇಳುವ ಸ್ಲೋ ಜೆಟ್, ಮತ್ತು ಮಿಕ್ಸಚರ್ ಸ್ಕ್ರೂ ಮುಖ್ಯವಾಗಿರುತ್ತವೆ. ಎಂಟನೇ ಒಂದರಿಂದ ಕಾಲು ಭಾಗದ ಆಸುಪಾಸಿನಲ್ಲಿ ಸ್ಲೈಡ್‌ನ ಕೆಳಗಿನ ಓರೆ ಕಡಿತವೂ ಪರಿಣಾಮ ಬೀರುತ್ತದೆ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ನೀಡಲ್ ಮತ್ತು ಅದು ಇಳಿಯುವ ನೀಡಲ್ ಜೆಟ್ ಪ್ರಧಾನ. ಮುಕ್ಕಾಲಿನಿಂದ ಪೂರ್ಣ ತೆರೆತದವರೆಗೆ ಮೈನ್ ಜೆಟ್‌ನದೇ ಆಡಳಿತ. ಆದ್ದರಿಂದ ಗ್ರಾಹಕನ ದೂರು ಕೇಳುವಾಗ 'ಎಷ್ಟು ವೇಗದಲ್ಲಿ' ಎಂದು ವಿಚಾರಿಸುವುದಕ್ಕಿಂತ 'ಎಕ್ಸಲರೇಟರ್ ಎಷ್ಟು ತಿರುವಿದಾಗ' ಎಂದು ವಿಚಾರಿಸುವುದು ಫಲಪ್ರದ.

ಮಿಕ್ಸಚರ್ ಸ್ಕ್ರೂ ವಿಷಯದಲ್ಲಿ ಅನುಭವಿಗಳೂ ಎಡವುವುದುಂಟು. ಸ್ಕ್ರೂ ಫಿಲ್ಟರ್‌ನ ಕಡೆಗಿದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ. ಒಳಕ್ಕೆ ಬಿಗಿದರೆ ಮಿಶ್ರಣ ದಟ್ಟವಾಗುತ್ತದೆ. ಮಿಕುನಿಯ ವಿಎಂ ಮಾದರಿಯ ಸ್ಲೈಡ್ ಕಾರ್ಬುರೇಟರ್‌ಗಳಲ್ಲಿ ಹೀಗಿದೆ. ಸ್ಕ್ರೂ ಎಂಜಿನ್‌ನ ಕಡೆಗಿದ್ದರೆ ಅದು ಮಿಶ್ರಣವನ್ನೇ ನಿಯಂತ್ರಿಸುವುದರಿಂದ ಒಳಕ್ಕೆ ಬಿಗಿದಾಗ ಮಿಶ್ರಣ ತೆಳುವಾಗುತ್ತದೆ. ನಿರ್ವಾತದ ಬಲದಿಂದ ಸ್ಲೈಡ್ ಏಳುವ ಸಿವಿ ಕಾರ್ಬುರೇಟರ್‌ಗಳಲ್ಲಿ ಸಾಮಾನ್ಯವಾಗಿ ಈ ವ್ಯವಸ್ಥೆಯಿರುತ್ತದೆ. ಕಾರ್ಬುರೇಟರ್ ಹೊಂದಿದ್ದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದಕ್ಕೊಂದು ಉದಾಹರಣೆ.

ಸಿವಿ ಕಾರ್ಬುರೇಟರ್‌ಗಳ ಬಗ್ಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಇವುಗಳಲ್ಲಿ ಸ್ಲೈಡ್ ಏಳುವುದು ಫಿಲ್ಟರ್ ಕಡೆಯ ಒತ್ತಡಕ್ಕೂ ವೆಂಚುರಿಯ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ. ಪೆಟ್ಟಿಗೆಯೊಳಗಿನ ಶಾಂತವಾದ ಗಾಳಿಯ ಬದಲು ಬಯಲಿನ ಗಾಳಿ ದೊರೆತಾಗ ಸ್ಲೈಡ್‌ನ ಚಲನೆ ಅಸ್ಥಿರವಾಗಿ, ಮಧ್ಯಮ ವೇಗದಲ್ಲಿ ತಡವರಿಕೆ ಕಾಣಿಸಿಕೊಳ್ಳಬಹುದು. ಜೆಟ್ ಬದಲಾವಣೆಯಿಂದ ಇದು ಪೂರ್ಣವಾಗಿ ಸರಿಹೋಗದಿರಬಹುದು. ಇಂಥ ಗಾಡಿಗಳಿಗೆ ಮೂಲ ಪೆಟ್ಟಿಗೆಯೊಳಗೇ ಕೂರುವ ಫಿಲ್ಟರನ್ನು ಸೂಚಿಸುವುದು ವರ್ತಕರ ಹಿತಕ್ಕೂ ಒಳ್ಳೆಯದು.

ಹೊಂದಾಣಿಕೆಯ ಕ್ರಮ

ಜೆಟ್‌ಗೆ ಕೈಹಾಕುವ ಮೊದಲು ಗಾಡಿಯ ಉಳಿದ ಭಾಗಗಳು ಸರಿಯಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಜೋಡಣೆಯಲ್ಲಿ ಬಿರುಕಿದ್ದರೆ ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಷ್ಟು ಜೆಟ್ ಬದಲಿಸಿದರೂ ಆ ದೋಷ ನೀಗದು. ಫ್ಲೋಟ್‌ನ ಎತ್ತರ, ಸ್ಪಾರ್ಕ್ ಪ್ಲಗ್, ಇಗ್ನಿಷನ್ ಟೈಮಿಂಗ್, ನಾಲ್ಕು ಸ್ಟ್ರೋಕ್ ಆದರೆ ಟ್ಯಾಪೆಟ್ ಅಂತರ, ಇವನ್ನೆಲ್ಲ ಮೊದಲೇ ಪರೀಕ್ಷಿಸುವುದು ಸೂಕ್ತ. ಎಂಜಿನ್ ಪೂರ್ಣ ಬಿಸಿಯಾದ ಮೇಲಷ್ಟೇ ಹೊಂದಾಣಿಕೆ ಆರಂಭಿಸಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಅದನ್ನು ಪುಸ್ತಕದಲ್ಲಿ ಬರೆದಿಡಬೇಕು.

ಮೊದಲಿಗೆ ಮೈನ್ ಜೆಟ್. ಮೂಲ ಅಳತೆಗಿಂತ ಎರಡು-ಮೂರು ಮೆಟ್ಟಿಲು ದೊಡ್ಡದರಿಂದ ಆರಂಭಿಸಿ ಕೆಳಕ್ಕಿಳಿಯುವುದು ಕ್ಷೇಮಕರ. ದಟ್ಟ ಮಿಶ್ರಣದಿಂದ ಹೊಗೆ ಮತ್ತು ಪೆಟ್ರೋಲ್ ಖರ್ಚು ಹೆಚ್ಚಬಹುದು, ಆದರೆ ತೆಳು ಮಿಶ್ರಣದಂತೆ ಎಂಜಿನ್‌ಗೆ ಒಮ್ಮೆಲೇ ಪೆಟ್ಟು ಬೀಳುವುದಿಲ್ಲ. ಪೂರ್ಣ ತೆರೆತದಲ್ಲಿ ಓಡುವಾಗ ಎಕ್ಸಲರೇಟರನ್ನು ಕೊಂಚವೇ ಹಿಂದಕ್ಕೆ ತಂದರೆ ಎಳೆತ ಹೆಚ್ಚಿದಂತೆ ಕಂಡಲ್ಲಿ ಮೈನ್ ಜೆಟ್ ಚಿಕ್ಕದಾಯಿತೆಂದು ಅರ್ಥ. ಪೂರ್ಣ ತೆರೆತದಲ್ಲಿ ಎಂಜಿನ್ ಮಂದವಾಗಿ ಗುಡುಗುಟ್ಟಿ ಕಪ್ಪು ಹೊಗೆ ಬಿಟ್ಟರೆ ದೊಡ್ಡದಾಯಿತೆಂದು ಅರ್ಥ. ಈ ಪರೀಕ್ಷೆಯನ್ನು ಸಾರ್ವಜನಿಕ ರಸ್ತೆಯಲ್ಲಿ ನಡೆಸದೆ ಡೈನೋ ಯಂತ್ರದ ಮೇಲೆ ಅಥವಾ ಸಂಚಾರವಿಲ್ಲದ ಖಾಸಗಿ ಜಾಗದಲ್ಲಿ ನಡೆಸಬೇಕು.

ಎರಡನೆಯದು ನೀಡಲ್. ನೀಡಲ್‌ನ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಐದು ಗೆರೆಗಳಿದ್ದು, ಒಂದರಲ್ಲಿ ಲಾಕ್ ಕೂತಿರುತ್ತದೆ. ಲಾಕನ್ನು ಒಂದು ಗೆರೆ ಕೆಳಕ್ಕೆ ಹಾಕಿದರೆ ನೀಡಲ್ ಮೇಲೇರಿ ಮಿಶ್ರಣ ದಟ್ಟವಾಗುತ್ತದೆ. ಗೆರೆಗಳಿಲ್ಲದ ನೀಡಲ್‌ಗಳಿಗೆ ತೆಳುವಾದ ವಾಷರ್ ಇಟ್ಟು ಇದೇ ಪರಿಣಾಮ ಪಡೆಯಬಹುದು. ಅರ್ಧ ತೆರೆತದಲ್ಲಿ ಗಾಡಿ ಮುಗ್ಗರಿಸುತ್ತಿದ್ದು, ಚೋಕ್ ಸ್ವಲ್ಪ ಎಳೆದೊಡನೆ ಸುಧಾರಿಸಿದರೆ ಆ ಹಂತದಲ್ಲಿ ಮಿಶ್ರಣ ತೆಳುವಾಗಿದೆ ಎಂದು ನಿರ್ಧರಿಸಬಹುದು.

ಕೊನೆಯದು ಪೈಲಟ್ ಜೆಟ್ ಮತ್ತು ಮಿಕ್ಸಚರ್ ಸ್ಕ್ರೂ. ಸ್ಕ್ರೂವನ್ನು ಮೃದುವಾಗಿ ಪೂರ್ತಿ ಒಳಕ್ಕೆ ಬಿಗಿದು, ಒಂದೂವರೆ ಸುತ್ತು ಹೊರಕ್ಕೆ ತಿರುಗಿಸಿ ಅಲ್ಲಿಂದ ಆರಂಭಿಸುವುದು ವಾಡಿಕೆ. ಎಂಜಿನ್ ಅತಿ ಹೆಚ್ಚು ಹಾಗೂ ಸಮವಾಗಿ ತಿರುಗುವ ಜಾಗ ಹುಡುಕಿ, ನಂತರ ಐಡಲಿಂಗ್ ವೇಗವನ್ನು ತಗ್ಗಿಸಬೇಕು. ಗಾಳಿಯ ಸ್ಕ್ರೂ ಇರುವ ಕಾರ್ಬುರೇಟರ್‌ನಲ್ಲಿ ಅರ್ಧ ಸುತ್ತಿಗಿಂತ ಒಳಗೆ ಹೋದಾಗಲೇ ಎಂಜಿನ್ ಸರಿಯಾಗಿ ಓಡುವುದಾದರೆ ಪೈಲಟ್ ಜೆಟ್ ಚಿಕ್ಕದಾಗಿದೆ. ಎಂಜಿನ್ ಕಡೆಯ ಸ್ಕ್ರೂ ಆದಲ್ಲಿ ಮೂರು ಸುತ್ತಿಗಿಂತ ಹೊರಗೆ ಬರಬೇಕಾದರೆ ಅದೇ ತೀರ್ಮಾನ.

ಫಲಿತಾಂಶ ತಿಳಿಯಲು ಪ್ಲಗ್‌ನ ಬಣ್ಣ ನೋಡುವ ಹಳೆಯ ಪದ್ಧತಿ ಈಗಲೂ ಚಾಲ್ತಿಯಲ್ಲಿದೆ. ಇಟ್ಟಿಗೆ-ಕಂದು ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ತೆಳು, ಕಪ್ಪು ಮಸಿಯಿದ್ದರೆ ದಟ್ಟ ಎಂಬುದು ನಿಯಮ. ಆದರೆ ದೇಶದಲ್ಲಿ 2000ದಿಂದ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಈ ಬಣ್ಣಗಳು ಮೊದಲಿನಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಹೊಸ ಪ್ಲಗ್ ಹಾಕಿ, ಪೂರ್ಣ ತೆರೆತದಲ್ಲಿ ಓಡಿಸಿ, ಅಲ್ಲೇ ಎಂಜಿನ್ ನಿಲ್ಲಿಸಿ ನೋಡಿದರೆ ಮಾತ್ರ ಅರ್ಥವಿದೆ. ಸೈಲೆನ್ಸರ್ ಕೊಳವೆಗೆ ಆಮ್ಲಜನಕ ಸೆನ್ಸರ್ ಅಳವಡಿಸಿ ಮಿಶ್ರಣದ ಅನುಪಾತವನ್ನು ಅಂಕಿಯಲ್ಲೇ ತೋರಿಸುವ ಉಪಕರಣಗಳು ಸಣ್ಣ ಕಾರ್ಯಾಗಾರಗಳಿಗೂ ಎಟುಕುವಂತಾಗಿವೆ.

ಎರಡು ಕಾರ್ಬುರೇಟರ್‌ಗಳ ಗಾಡಿಗಳು

ಎಸ್ಕಾರ್ಟ್ಸ್ ಸಂಸ್ಥೆಯು 1983ರಿಂದ ತಯಾರಿಸಿದ ರಾಜ್‌ದೂತ್ 350ರಂತಹ ಎರಡು ಸಿಲಿಂಡರ್ ಗಾಡಿಗಳಲ್ಲಿ ಸಿಲಿಂಡರ್‌ಗೆ ಒಂದರಂತೆ ಎರಡು ಕಾರ್ಬುರೇಟರ್‌ಗಳಿವೆ. ಇಲ್ಲಿ ಎರಡರಲ್ಲೂ ಒಂದೇ ತಯಾರಿಕೆಯ, ಒಂದೇ ಅಂಕಿಯ ಜೆಟ್‌ಗಳಿರಬೇಕು. ಫಿಲ್ಟರ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಜೆಟ್‌ಗಳ ಕೆಲಸ ಮುಗಿದ ಮೇಲೆ ಎರಡೂ ಸ್ಲೈಡ್‌ಗಳು ಒಂದೇ ಕ್ಷಣದಲ್ಲಿ ಏಳುವಂತೆ ಕೇಬಲ್ ಸರಿಹೊಂದಿಸಬೇಕು. ನಾಲ್ಕು ಸ್ಟ್ರೋಕ್‌ನ ಬಹು ಸಿಲಿಂಡರ್ ಎಂಜಿನ್‌ಗಳಲ್ಲಿ ಇದಕ್ಕೆ ವ್ಯಾಕ್ಯೂಮ್ ಗೇಜ್ ಬಳಸುತ್ತಾರೆ. ಒಂದು ಸಿಲಿಂಡರ್ ಹೆಚ್ಚು, ಇನ್ನೊಂದು ಕಡಿಮೆ ದುಡಿಯುವ ಗಾಡಿಯನ್ನು ಯಾವ ಜೆಟ್ಟೂ ಸರಿಪಡಿಸಲಾರದು. ಒಂದೇ ಫಿಲ್ಟರ್, ಒಂದೇ ಜೆಟ್ ಬಿಡಿಯಾಗಿ ಕೇಳಿ ಬರುವ ಗ್ರಾಹಕನಿಗೆ ಈ ವಿಷಯ ತಿಳಿಸಿ ಹೇಳುವುದು ಅಂಗಡಿಯವರ ಹೊಣೆ.

ಜೆಟ್‌ನ ಅಂಕಿ ಮತ್ತು ಸಣ್ಣ ತಯಾರಕರು

ಜೆಟ್‌ನ ಮೇಲೆ ಕೆತ್ತಿದ ಅಂಕಿ ಎಲ್ಲ ತಯಾರಿಕೆಗಳಲ್ಲೂ ಒಂದೇ ಅರ್ಥ ಕೊಡುವುದಿಲ್ಲ. ಕೈಹಿನ್‌ನ ಮೈನ್ ಜೆಟ್‌ಗಳಲ್ಲಿ ಅಂಕಿಯು ರಂಧ್ರದ ವ್ಯಾಸವನ್ನು ಮಿಲಿಮೀಟರ್‌ನ ನೂರನೇ ಭಾಗಗಳಲ್ಲಿ ಸೂಚಿಸುತ್ತದೆ. ಮಿಕುನಿಯ ಆರು ಮೂಲೆಯ ಮೈನ್ ಜೆಟ್‌ಗಳಲ್ಲಿ ಅಂಕಿಯು ಹರಿವಿನ ಪ್ರಮಾಣವನ್ನು ಸೂಚಿಸುತ್ತದೆ. ಆದ್ದರಿಂದ ಒಂದರ 100 ಇನ್ನೊಂದರ 100ಕ್ಕೆ ಸಮವಲ್ಲ. ವ್ಯಾಸದ ಲೆಕ್ಕದಲ್ಲಿ 100ರಿಂದ 105ಕ್ಕೆ ಹೋದರೆ ರಂಧ್ರದ ವಿಸ್ತೀರ್ಣ ಶೇ. 10ರಷ್ಟು ಹೆಚ್ಚುತ್ತದೆ. ಹರಿವಿನ ಲೆಕ್ಕದಲ್ಲಿ ಅದೇ ಬದಲಾವಣೆ ಶೇ. 5ರದ್ದು. ಎರಡೂ ಬಗೆಯ ಜೆಟ್‌ಗಳನ್ನು ಒಂದೇ ಡಬ್ಬಿಯಲ್ಲಿ ಬೆರೆಸಿಡುವ ಅಂಗಡಿಯಿಂದ ಸರಿಯಾದ ಮಾಲು ಹೊರಹೋಗುವುದು ಅದೃಷ್ಟದ ಮಾತಾಗುತ್ತದೆ.

ಹಿತ್ತಾಳೆಯ ಜೆಟ್ ತಯಾರಿಸುವ ಸಣ್ಣ ಘಟಕಗಳು ಇನ್ನೊಂದು ಲೆಕ್ಕವನ್ನು ಗಮನಿಸಬೇಕು. 1.00 ಮಿ.ಮೀ. ರಂಧ್ರ 1.02 ಮಿ.ಮೀ. ಆದರೆ ವಿಸ್ತೀರ್ಣ ಶೇ. 4ರಷ್ಟು ಏರುತ್ತದೆ. ಅಂದರೆ ಮಿಲಿಮೀಟರ್‌ನ ನೂರನೇ ಎರಡು ಭಾಗದಷ್ಟು ತಪ್ಪು ಮಾಲಿನ ಅಂಕಿಯನ್ನೇ ಸುಳ್ಳಾಗಿಸುತ್ತದೆ. ರಂಧ್ರದ ಅಂಚಿನಲ್ಲಿ ಉಳಿದ ಬರ್ ಮತ್ತು ಒಳಬಾಯಿಯ ಓರೆ ಕೂಡ ಹರಿವನ್ನು ಬದಲಿಸುತ್ತವೆ. ವ್ಯಾಸ ಅಳೆದರೆ ಸಾಲದು, ಹರಿವನ್ನೇ ಪರೀಕ್ಷಿಸುವ ವ್ಯವಸ್ಥೆ ಇರಬೇಕು. ತಂತಿ ತುರುಕಿ ಅಥವಾ ಡ್ರಿಲ್ ಹಾಯಿಸಿ ಹಳೆಯ ಜೆಟ್ಟನ್ನೇ ದೊಡ್ಡದು ಮಾಡುವ ಪದ್ಧತಿಯನ್ನು ಕಾರ್ಯಾಗಾರಗಳು ಕೈಬಿಡುವುದು ಒಳಿತು.

ಫಿಲ್ಟರ್ ತಯಾರಕರಿಗೂ ಒಂದು ಸೂಕ್ಷ್ಮ ವಿಷಯವಿದೆ. ಕಾರ್ಬುರೇಟರ್‌ನ ಬಾಯಿಯ ಅಂಚಿನಲ್ಲಿ ಪೈಲಟ್ ಮತ್ತು ಮೈನ್ ಮಾರ್ಗಗಳಿಗೆ ಗಾಳಿ ಒದಗಿಸುವ ಚಿಕ್ಕ ರಂಧ್ರಗಳಿರುತ್ತವೆ. ಫಿಲ್ಟರ್‌ನ ರಬ್ಬರ್ ಕುತ್ತಿಗೆಯ ಒಳ ಅಂಚು ದಪ್ಪವಾಗಿದ್ದು ಈ ರಂಧ್ರಗಳನ್ನು ಮುಚ್ಚಿದರೆ ಮಿಶ್ರಣ ತೆಳುವಾಗುವ ಬದಲು ವಿಪರೀತ ದಟ್ಟವಾಗುತ್ತದೆ. ಅಚ್ಚು ತಯಾರಿಸುವಾಗಲೇ ಇದನ್ನು ಗಮನಿಸಿದರೆ ಎಷ್ಟೋ ದೂರುಗಳು ತಪ್ಪುತ್ತವೆ. ಧೂಳು ತಡೆಯುವ ಸಾಮರ್ಥ್ಯ, ಗಾಳಿಗೆ ಒಡ್ಡುವ ತಡೆ ಮತ್ತು ಧೂಳು ಹಿಡಿದಿಡುವ ಪ್ರಮಾಣವನ್ನು ಅಳೆಯಲು ಐಎಸ್ಒ 5011 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಅದರಂತೆ ಪರೀಕ್ಷಿಸಿದ ಫಲಿತಾಂಶವನ್ನು ಪೊಟ್ಟಣದ ಮೇಲೆ ಮುದ್ರಿಸುವ ತಯಾರಕರ ಮಾಲಿಗೆ ಸಹಜವಾಗಿಯೇ ಹೆಚ್ಚಿನ ವಿಶ್ವಾಸ ದೊರೆಯುತ್ತದೆ.

ಎತ್ತರ, ಮಳೆ ಮತ್ತು ಎಥೆನಾಲ್

ಕರ್ನಾಟಕದ ಭೂಗುಣವೂ ಈ ಲೆಕ್ಕದಲ್ಲಿ ಸೇರುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗಿಂತ ಮಂಗಳೂರಿನಲ್ಲಿ ಗಾಳಿ ಹೆಚ್ಚುಕಡಿಮೆ ಶೇ. 9ರಷ್ಟು ಸಾಂದ್ರವಾಗಿರುತ್ತದೆ. ಬೆಂಗಳೂರಿನಲ್ಲಿ ಅಂಚಿಗೆ ತಂದು ನಿಲ್ಲಿಸಿದ ಹೊಂದಾಣಿಕೆ ಘಟ್ಟ ಇಳಿದ ಮೇಲೆ ಶೇ. 4ರಿಂದ 5ರಷ್ಟು ತೆಳುವಾಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಬಯಲಿಗೆ ತೆರೆದ ಫಿಲ್ಟರ್ ನೀರು ಕುಡಿದು ಗಾಡಿಯನ್ನು ನಿಲ್ಲಿಸಬಹುದು. ಬಯಲುಸೀಮೆಯ ಮಣ್ಣು ರಸ್ತೆಗಳಲ್ಲಿ ಅದು ಬೇಗ ಧೂಳು ತುಂಬಿಕೊಳ್ಳುತ್ತದೆ. ಹತ್ತಿಬಟ್ಟೆಯ ಫಿಲ್ಟರನ್ನು ಕಾಲಕಾಲಕ್ಕೆ ತೊಳೆದು ಎಣ್ಣೆ ಸವರದಿದ್ದರೆ ಸೂಕ್ಷ್ಮ ಧೂಳು ಒಳನುಗ್ಗಿ ಪಿಸ್ಟನ್ ರಿಂಗ್ ಸವೆಯುತ್ತದೆ.

ಇದಕ್ಕೆ ಎಥೆನಾಲ್ ಬೆರಕೆಯೂ ಕೂಡಿಕೊಂಡಿದೆ. 2022ರಲ್ಲಿ ದೇಶದಲ್ಲಿ ಶೇ. 10ರ ಬೆರಕೆಯ ಗುರಿ ಈಡೇರಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾರಂಭದಲ್ಲಿ ಶೇ. 20ರ ಬೆರಕೆಯ ಪೆಟ್ರೋಲಿಗೆ ಚಾಲನೆ ದೊರೆಯಿತು. 2025ರಲ್ಲಿ ಆ ಗುರಿಯನ್ನೂ ಮುಟ್ಟಲಾಯಿತು. ಎಥೆನಾಲ್‌ನಲ್ಲೇ ಆಮ್ಲಜನಕವಿರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಶೇ. 10ರ ಬೆರಕೆಗೆ ಸುಮಾರು 14.1, ಶೇ. 20ರ ಬೆರಕೆಗೆ ಸುಮಾರು 13.5 ಪಾಲು ಸಾಕಾಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ಗಾಡಿಯ ಸೆನ್ಸರ್ ಇದನ್ನು ಗುರುತಿಸಿ ಪೆಟ್ರೋಲ್ ಹೆಚ್ಚಿಸಬಲ್ಲದು, ಕಾರ್ಬುರೇಟರ್‌ಗೆ ಆ ಶಕ್ತಿಯಿಲ್ಲ. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಹಳೆಯ ಗಾಡಿ ಫಿಲ್ಟರ್ ಬದಲಿಸದಿದ್ದರೂ ಶೇ. 8ರ ಆಸುಪಾಸಿನಲ್ಲಿ ತೆಳುವಾಗಿಯೇ ಓಡುತ್ತಿರುತ್ತದೆ. ಅದರ ಮೇಲೆ ಪಾಡ್ ಫಿಲ್ಟರ್ ಅಳವಡಿಸಿ, ಘಟ್ಟ ಇಳಿದರೆ ಮೂರು ಕೊರತೆಗಳು ಒಟ್ಟುಗೂಡುತ್ತವೆ. ಹತ್ತು ವರ್ಷಗಳ ಹಿಂದೆ ಸರಿಯಾಗಿದ್ದ ಜೆಟ್ ಅಂಕಿ ಈಗ ಸಾಲದೆ ಹೋಗಲು ಇದೂ ಒಂದು ಕಾರಣ. ಎಥೆನಾಲ್ ಹಳೆಯ ರಬ್ಬರ್ ಪೈಪ್, ಸೀಲ್ ಮತ್ತು ಒ-ರಿಂಗ್‌ಗಳನ್ನು ಉಬ್ಬಿಸುವುದರಿಂದ, ಅದನ್ನು ತಾಳಬಲ್ಲ ರಬ್ಬರ್ ಭಾಗಗಳ ತಯಾರಿಕೆ ಸಣ್ಣ ಉದ್ದಿಮೆಗಳಿಗೆ ಯೋಗ್ಯವಾದ ಅವಕಾಶ.

ಕಾನೂನಿನ ಹೊಣೆ

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಉತ್ಪನ್ನ ಹೊಣೆಗಾರಿಕೆಯ ಬಗ್ಗೆ ಪ್ರತ್ಯೇಕ ಅಧ್ಯಾಯವಿದೆ. ಸರಿಯಾದ ಬಳಕೆಯ ಸೂಚನೆ ಅಥವಾ ತಪ್ಪು ಬಳಕೆಯ ಎಚ್ಚರಿಕೆ ಇಲ್ಲದ ಉತ್ಪನ್ನದಿಂದ ಹಾನಿಯುಂಟಾದರೆ 84ನೇ ಕಲಮಿನ ಪ್ರಕಾರ ತಯಾರಕರು ಹೊಣೆಗಾರರಾಗಬಹುದು. ತಯಾರಕರು ಕೊಟ್ಟ ಎಚ್ಚರಿಕೆಯನ್ನು ಗ್ರಾಹಕನಿಗೆ ತಲುಪಿಸದೆ ಅದರಿಂದಲೇ ಹಾನಿಯಾದರೆ 86ನೇ ಕಲಮಿನ ಪ್ರಕಾರ ಮಾರಾಟಗಾರರೂ ಹೊಣೆಗಾರರಾಗಬಹುದು. ಸೂಚನಾಪತ್ರವೊಂದನ್ನು ಪೊಟ್ಟಣದಲ್ಲಿರಿಸುವ ಅಲ್ಪ ಖರ್ಚಿನ ಮುಂದೆ ಈ ಅಪಾಯ ದೊಡ್ಡದು.

ವಾಹನ ಮಾಲೀಕರಿಗೆ ಸಂಬಂಧಿಸಿದಂತೆ, ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಪ್ರತಿಯೊಂದಕ್ಕೂ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು ವಿಧಿಸಲು ಅವಕಾಶ ನೀಡಿದೆ. ಹೊಗೆ ತಪಾಸಣೆಯ ಮಿತಿಗಳೂ ಇವೆ. ಭಾರತ್ ಸ್ಟೇಜ್-6ಕ್ಕೂ ಮೊದಲಿನ, 2000ದ ಮಾರ್ಚ್ ನಂತರ ತಯಾರಾದ ದ್ವಿಚಕ್ರ ವಾಹನಗಳಿಗೆ ಐಡಲಿಂಗ್‌ನಲ್ಲಿ ಇಂಗಾಲದ ಮಾನಾಕ್ಸೈಡ್ ಶೇ. 3.5ನ್ನು ಮೀರುವಂತಿಲ್ಲ. ಅದಕ್ಕೂ ಹಿಂದಿನವುಗಳಿಗೆ ಈ ಮಿತಿ ಶೇ. 4.5. ಹೊಂದಾಣಿಕೆಯ ನಂತರ ಹೊಗೆ ತಪಾಸಣಾ ಕೇಂದ್ರದಲ್ಲಿ ಒಮ್ಮೆ ಪರೀಕ್ಷಿಸಿದರೆ ಮಿತಿಯ ಪಾಲನೆಯೂ ಖಾತರಿಯಾಗುತ್ತದೆ, ಐಡಲಿಂಗ್ ಮಿಶ್ರಣದ ಸ್ಥಿತಿಯೂ ಅಂಕಿಯಲ್ಲಿ ತಿಳಿಯುತ್ತದೆ.

ವ್ಯಾಪಾರದ ದೃಷ್ಟಿಯಿಂದ

ಈ ಎಲ್ಲ ಸಂಗತಿಗಳು ವರ್ತಕರ ಮುಂದೆ ಸರಳವಾದ ಕೆಲವು ಕ್ರಮಗಳನ್ನು ಇರಿಸುತ್ತವೆ. ಪಾಡ್ ಫಿಲ್ಟರ್ ಕೇಳಿ ಬಂದ ಗ್ರಾಹಕನನ್ನು ಗಾಡಿಯ ಮಾದರಿ, ತಯಾರಿಕೆಯ ವರ್ಷ, ಕಾರ್ಬುರೇಟರ್‌ನ ಬಗೆ ಹಾಗೂ ಸೈಲೆನ್ಸರ್ ಬದಲಾಗಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಮೈಲೇಜ್ ಹೆಚ್ಚಬೇಕೆಂಬ ಆಸೆಯಿಂದ ಬಂದವನಿಗೆ ಮೂಲ ಫಿಲ್ಟರನ್ನೇ ಹೊಸದಾಗಿ ಹಾಕಿಸುವಂತೆ ಹೇಳುವುದು ಪ್ರಾಮಾಣಿಕ ಸಲಹೆ. ನಿತ್ಯ ಓಡಾಟದ 100 ಸಿ.ಸಿ. ಗಾಡಿಗೆ ಫಿಲ್ಟರ್‌ನಿಂದ ಮಾತ್ರ ದೊರೆಯುವ ಶಕ್ತಿ ಅತ್ಯಲ್ಪ. ಮಾರುವುದಾದರೆ ಫಿಲ್ಟರ್ ಜೊತೆಗೆ ಮೂರು ಅಳತೆಯ ಮೈನ್ ಜೆಟ್, ಒಂದು ಪೈಲಟ್ ಜೆಟ್, ನೀಡಲ್ ವಾಷರ್ ಮತ್ತು ಕನ್ನಡದಲ್ಲಿ ಮುದ್ರಿಸಿದ ಸೂಚನಾಪತ್ರವನ್ನು ಒಂದೇ ಸೆಟ್ ಆಗಿ ಕೊಡಬೇಕು. ತೆಗೆದ ಮೂಲ ಪೆಟ್ಟಿಗೆ ಹಾಗೂ ಜೆಟ್‌ಗಳನ್ನು ಜೋಪಾನವಾಗಿಡುವಂತೆ ತಿಳಿಸಬೇಕು. ನಂಬಿಕಸ್ಥ ಮೆಕ್ಯಾನಿಕ್ ಒಬ್ಬರೊಡನೆ ಒಪ್ಪಂದ ಮಾಡಿಕೊಂಡು, ಯಾವ ಗಾಡಿಗೆ ಯಾವ ಫಿಲ್ಟರ್‌ನೊಂದಿಗೆ ಯಾವ ಜೆಟ್ ಸರಿಹೋಯಿತೆಂಬ ಪುಸ್ತಕವನ್ನು ಇಟ್ಟುಕೊಂಡರೆ, ಎರಡು-ಮೂರು ವರ್ಷಗಳಲ್ಲಿ ಆ ಪುಸ್ತಕವೇ ಅಂಗಡಿಯ ಬಂಡವಾಳವಾಗುತ್ತದೆ.

ಕಾರ್ಬುರೇಟರ್ ಗಾಡಿಗಳ ಸಂಖ್ಯೆ ಇನ್ನು ಮುಂದೆ ಇಳಿಯುವುದೇ ಹೊರತು ಏರುವುದಿಲ್ಲ. ಇಳಿಯುವ ಮಾರುಕಟ್ಟೆಯಲ್ಲಿ ಅಗ್ಗದ ಮಾಲು ರಾಶಿ ಹಾಕಿದವರಿಗಿಂತ, ಗಾಡಿಯನ್ನು ಸರಿಯಾಗಿ ಓಡುವಂತೆ ಮಾಡಿ ಕಳುಹಿಸಿದವರ ಬಾಗಿಲಿಗೆ ಗ್ರಾಹಕರು ದೂರದಿಂದಲೂ ಹುಡುಕಿಕೊಂಡು ಬರುತ್ತಾರೆ. ಒಂದು ಜೆಟ್‌ನ ಬೆಲೆ ಫಿಲ್ಟರ್‌ನ ಬೆಲೆಯ ಅಲ್ಪಾಂಶವಷ್ಟೇ. ಅದನ್ನು ಫಿಲ್ಟರ್‌ನ ಜೊತೆಗಿಟ್ಟು, ಬಳಸುವ ಬಗೆಯನ್ನು ತಿಳಿಸಿ ಕಳುಹಿಸುವ ಅಂಗಡಿಗೆ ಹಿಂದಿರುಗುವ ಮಾಲು ಕಡಿಮೆಯಾಗುತ್ತದೆ, ಹಿಂದಿರುಗುವ ಗ್ರಾಹಕರು ಹೆಚ್ಚುತ್ತಾರೆ.